ಒಂಟಿ ತಂತ್ರಾಂಶಕಾರನಿಗೆ ಎಡೆಯುಂಟೆ?

ವಿಜಯಪುರದ ಕೃಷಿ ಉತ್ಪನ್ನ ಮಾರುಕಟ್ಟೆಯ ಯಾವುದಾದರೊಂದು ಅಡತ್ ಅಂಗಡಿಯನ್ನು ಹೊಕ್ಕು ನೋಡಿರಿ. ಹಿಂದಿನ ತಲೆಮಾರಿನವರು ಕೆಂಪು ಅರಿವೆಯ ರಟ್ಟಿನ ಕೀರ್ದಿ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುತ್ತಿದ್ದ ಗಾದಿಯ ಪಕ್ಕದಲ್ಲಿಯೇ ಈಗ ಗಣಕಯಂತ್ರವೊಂದು ಕುಳಿತಿರುತ್ತದೆ. ಅದರಲ್ಲಿ ಲೆಕ್ಕ ಬರೆಯುವ ತಂತ್ರಾಂಶ ಬಹುಮಟ್ಟಿಗೆ ಬೆಂಗಳೂರಿನಲ್ಲಿ ಹುಟ್ಟಿದ ಟ್ಯಾಲಿ. ಕನ್ನಡದಲ್ಲಿ ಕಾಗದ ಬರೆಯಬೇಕಾದರೆ ನುಡಿ. ದರ ತಿಳಿಸುವುದಕ್ಕೆ ವಾಟ್ಸ್ಆಪ್, ಹಣ ಕಳಿಸುವುದಕ್ಕೆ ಯು.ಪಿ.ಐ. ಇಷ್ಟೆಲ್ಲ ಆಗಲೇ ಇದ್ದು, ಎಲ್ಲವೂ ತಕ್ಕಮಟ್ಟಿಗೆ ಕೆಲಸಮಾಡುತ್ತಿರುವಾಗ, ಹೊಸದಾಗಿ ತಂತ್ರಾಂಶ ಬರೆದು ಅದರಿಂದಲೇ ಬಾಳುವೆನೆಂದು ಹೊರಟ ತರುಣನಿಗೆ ಮಾಡಲು ಉಳಿದಿರುವುದಾದರೂ ಏನು?

ಇದು ಕೇವಲ ವ್ಯಾಪಾರದ ಪ್ರಶ್ನೆಯೆಂದು ತಳ್ಳಿಹಾಕಬಾರದು. ವಿಜಯಪುರದಲ್ಲಿ 1980ರಿಂದ ಎಂಜಿನಿಯರಿಂಗ್ ಕಾಲೇಜು ಇದೆ. ಜಿಲ್ಲೆಯ ಹಳ್ಳಿಹಳ್ಳಿಗಳಿಂದ ಬಂದವರು ಅಲ್ಲಿ ಗಣಕವಿಜ್ಞಾನವನ್ನು ಕಲಿಯುತ್ತಾರೆ. ಕಲಿತವರಲ್ಲಿ ಬಹುಮಂದಿ ಬೆಂಗಳೂರು, ಪುಣೆ, ಹೈದರಾಬಾದುಗಳಿಗೆ ಸಂಬಳದ ಕೆಲಸಕ್ಕೆ ಹೋಗುತ್ತಾರೆ. ಹೋಗುವವರನ್ನು ನಾವು ಆಕ್ಷೇಪಿಸುವುದಿಲ್ಲ. ಆದರೆ ಹೋಗುವುದೊಂದೇ ದಾರಿಯೆ, ತಿಕೋಟಾದಲ್ಲಿಯೋ ಬಬಲೇಶ್ವರದಲ್ಲಿಯೋ ತನ್ನ ಮನೆಯಲ್ಲಿದ್ದುಕೊಂಡೇ ತಂತ್ರಾಂಶ ಮಾಡಿ ಮಾರಿ ಮರ್ಯಾದೆಯಿಂದ ಜೀವಿಸುವುದು ಸಾಧ್ಯವಿಲ್ಲವೆ ಎಂಬುದನ್ನು ನಿಶ್ಚಯಿಸಿಕೊಳ್ಳದೆಯೇ ಹೋಗುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ನಾವು ‘ಒಂಟಿ ತಂತ್ರಾಂಶಕಾರ’ನೆಂದು ಕರೆಯುವುದು ತಾನೊಬ್ಬನೇ ಅಥವಾ ಇಬ್ಬರು ಮೂವರು ಸ್ನೇಹಿತರೊಡನೆ ಸೇರಿ, ಪರರ ಬಂಡವಾಳವಿಲ್ಲದೆ, ತನ್ನದೇ ಆದ ಒಂದು ಪದಾರ್ಥವನ್ನು ಮಾಡಿ ಮಾರುವವನನ್ನು. ಬೇರೆಯವರು ಹೇಳಿದ್ದನ್ನು ಕೂಲಿಗೆ ಬರೆದುಕೊಡುವವನ ಕಷ್ಟಸುಖ ಬೇರೆ. ಅದು ಈ ಲೇಖನದ ವಿಷಯವಲ್ಲ.

ಮಾರುಕಟ್ಟೆ ‘ಬಲಿಯುವುದು’ ಎಂದರೇನು? ಬೆಲ್ಜಿಯಂ ದೇಶದ ವೆರ್‌ಹುಲ್ಸ್ಟ್ ಎಂಬ ಗಣಿತಜ್ಞನು 1838ರಲ್ಲಿ ಜನಸಂಖ್ಯೆಯ ಬೆಳವಣಿಗೆಯನ್ನು ಕುರಿತು ಒಂದು ಸಮೀಕರಣವನ್ನು ಕೊಟ್ಟನು. ಮೊದಮೊದಲು ಸಂಖ್ಯೆ ಇಮ್ಮಡಿ ನಾಲ್ಮಡಿಯಾಗಿ ಏರುತ್ತದೆ. ಆಹಾರವೂ ಎಡೆಯೂ ಮುಗಿಯುತ್ತ ಬಂದಂತೆ ಏರಿಕೆ ನಿಧಾನವಾಗುತ್ತದೆ. ಕೊನೆಗೆ ರೇಖೆ ಒಂದು ಎತ್ತರದಲ್ಲಿ ಚಪ್ಪಟೆಯಾಗಿ ನಿಲ್ಲುತ್ತದೆ. ಹೊಸ ಪದಾರ್ಥವೊಂದು ಜನರಲ್ಲಿ ಹರಡುವ ಬಗೆಯನ್ನು ಚಿತ್ರಿಸಿದರೂ ಬಹುಮಟ್ಟಿಗೆ ಇದೇ ರೇಖೆ ದೊರೆಯುತ್ತದೆ. ರೇಖೆ ಏರುತ್ತಿರುವಾಗ ಎಲ್ಲರಿಗೂ ಹೊಸ ಗಿರಾಕಿಗಳು ಸಿಕ್ಕುತ್ತಾರೆ. ಅರೆಬರೆ ಮಾಡಿದ ತಂತ್ರಾಂಶವೂ ಮಾರಿಹೋಗುತ್ತದೆ. ಚಪ್ಪಟೆಯಾದ ಮೇಲೆ ಒಬ್ಬನಿಗೆ ಗಿರಾಕಿ ಬರಬೇಕಾದರೆ ಮತ್ತೊಬ್ಬನಿಂದ ಬಿಟ್ಟುಬರಬೇಕು. ಬಿಟ್ಟುಬರುವುದೆಂದರೆ ಅಡತ್ ಅಂಗಡಿಯವನು ಹತ್ತು ವರ್ಷಗಳ ಖಾತೆಗಳನ್ನೂ ಗುಮಾಸ್ತನ ಕೈರೂಢಿಯನ್ನೂ ಬಿಟ್ಟುಬರುವುದು. ಇದು ಎಷ್ಟು ಕಷ್ಟವೆಂಬುದನ್ನು ವಾಚಕರು ತಮ್ಮ ತಂದೆಯವರ ಮೊಬೈಲಿನಲ್ಲಿ ಯಾವುದಾದರೊಂದನ್ನು ಬದಲಾಯಿಸಲು ಪ್ರಯತ್ನಿಸಿ ತಿಳಿದುಕೊಳ್ಳಬಹುದು.

ತಂತ್ರಾಂಶವು ಬೇರೆಯಾಗಿ ಮಾರುವ ಪದಾರ್ಥವಾದದ್ದೇ ಇತ್ತೀಚೆಗೆ. 1969ರವರೆಗೆ ಐ.ಬಿ.ಎಂ. ಸಂಸ್ಥೆಯು ಯಂತ್ರದೊಡನೆಯೇ ತಂತ್ರಾಂಶವನ್ನೂ ಸೇರಿಸಿ ಕೊಡುತ್ತಿದ್ದಿತು. ಆ ವರ್ಷ ಅದಕ್ಕೆ ಬೇರೆ ಬೆಲೆ ಕಟ್ಟುವುದಾಗಿ ಸಾರಿದ ಮೇಲೆ ಇತರರಿಗೆ ಬಾಗಿಲು ತೆರೆಯಿತು. 1979ರಲ್ಲಿ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್ ಎಂಬ ಇಬ್ಬರೇ ಸೇರಿ ವಿಸಿಕ್ಯಾಲ್ಕ್ ಎಂಬ ಲೆಕ್ಕಹಾಳೆಯನ್ನು ಹೊರತಂದರು. ಅದನ್ನು ಓಡಿಸುವುದಕ್ಕಾಗಿಯೇ ಜನ ಯಂತ್ರವನ್ನು ಕೊಂಡರೆಂದು ಹೇಳುವುದುಂಟು. ಆದರೆ 1983ರಲ್ಲಿ ಲೋಟಸ್ ಬಂದಿತು. 1985ರಲ್ಲಿ ಎಕ್ಸೆಲ್ ಹುಟ್ಟಿತು. ವಿಸಿಕ್ಯಾಲ್ಕಿನ ಆಟ ಆರೇ ವರ್ಷಗಳಲ್ಲಿ ಮುಗಿಯಿತು. ಎಲ್ಲರಿಗೂ ಬೇಕಾದ ಪದಾರ್ಥವನ್ನು ಒಂಟಿಯಾಗಿ ಮಾಡಿದವನು ಮೊದಲಿಗನಾಗಬಹುದು, ಆದರೆ ಕೊನೆಯವರೆಗೆ ಉಳಿಯುವುದು ಅಪರೂಪ.

ಉಳಿದವರ ಉದಾಹರಣೆಯೂ ನಮ್ಮ ನಾಡಿನಲ್ಲಿಯೇ ಇದೆ. ಟ್ಯಾಲಿಯ ಕಥೆ 1986ರಲ್ಲಿ ಆರಂಭವಾಗುತ್ತದೆ. ಶ್ಯಾಮಸುಂದರ ಗೋಯೆಂಕಾ ಅವರು ಕಾರ್ಖಾನೆಗಳಿಗೂ ಬಟ್ಟೆಯ ಗಿರಣಿಗಳಿಗೂ ಸಾಮಾನು ಒದಗಿಸುತ್ತಿದ್ದವರು. ತಮ್ಮ ವ್ಯವಹಾರದ ಲೆಕ್ಕಕ್ಕೆ ಒಪ್ಪುವ ತಂತ್ರಾಂಶ ಎಲ್ಲಿಯೂ ದೊರೆಯದೆ ಹೋದಾಗ, ಗಣಿತದ ಪದವೀಧರರಾಗಿದ್ದ ಮಗ ಭರತ ಗೋಯೆಂಕಾ ಅವರಿಗೆ ಅದನ್ನು ಬರೆಯಲು ಹೇಳಿದರು. ಇಲ್ಲಿ ಗಮನಿಸಬೇಕಾದದ್ದು ಮಗನ ಪ್ರತಿಭೆಯೊಂದನ್ನೇ ಅಲ್ಲ. ಗಾದಿಯ ಮೇಲೆ ಕುಳಿತ ತಂದೆ ಪ್ರತಿದಿನವೂ ‘ಇದು ಸರಿಯಿಲ್ಲ, ಹೀಗೆ ಬೇಕು’ ಎಂದು ಹೇಳಬಲ್ಲವರಾಗಿದ್ದರೆಂಬುದನ್ನು. ಇನ್ನೊಂದು ಮಾತು. ಲೆಕ್ಕದ ತಂತ್ರಾಂಶಕ್ಕೆ ಕಾನೂನು ಒಂದು ಬಗೆಯ ಕಾವಲುಗಾರ. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ದೇಶದ ಪ್ರತಿಯೊಂದು ಅಂಗಡಿಯ ಲೆಕ್ಕದ ರೀತಿಯೂ ಬದಲಾಗಬೇಕಾಯಿತು. ಹಾಗೆ ಬದಲಾದಾಗಲೆಲ್ಲ ಪರದೇಶದ ತಂತ್ರಾಂಶಕ್ಕಿಂತ ಇಲ್ಲಿಯ ತಂತ್ರಾಂಶ ಗಿರಾಕಿಗೆ ಹತ್ತಿರವಾಗುತ್ತದೆ.

ಇದಕ್ಕೆ ವಿರುದ್ಧವಾದ ಕಥೆ ಕನ್ನಡ ಅಕ್ಷರಗಳದು. ಅದು ನಮ್ಮ ಮನಸ್ಸಿಗೆ ಹೆಚ್ಚು ಹತ್ತಿರದ್ದೂ ಹೌದು. ಗಣಕಯಂತ್ರದ ಮೇಲೆ ಕನ್ನಡ ಮೂಡಿಸುವುದು ಒಂದು ಕಾಲದಲ್ಲಿ ಸಾಹಸವಾಗಿದ್ದಿತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗಾಗಿ ಮಾಡಿದ ಕೀಲಿಮಣೆಯಲ್ಲಿ ಕಾಗುಣಿತವನ್ನೂ ಒತ್ತಕ್ಷರಗಳನ್ನೂ ಕೂಡಿಸುವ ಬಗೆ ಹೇಗೆ? ಕರಾವಳಿಯ ಕೆ.ಪಿ. ರಾವ್ ಅವರು ಧ್ವನಿಯನ್ನು ಅನುಸರಿಸುವ ಸರಳವಾದ ಕೀಲಿವಿನ್ಯಾಸವನ್ನು ರೂಪಿಸಿದರು. ವ್ಯಂಜನವನ್ನು ಒತ್ತಿ ಸ್ವರವನ್ನು ಒತ್ತಿದರೆ ಕಾಗುಣಿತ ತಾನಾಗಿ ಕೂಡಿಕೊಳ್ಳುತ್ತದೆ. ಅದನ್ನು ಅಳವಡಿಸಿದ ತಂತ್ರಾಂಶವನ್ನು ಅವರು ‘ಸೇಡಿಯಾಪು’ ಎಂಬ ಹೆಸರಿನಿಂದ ಉಚಿತವಾಗಿ ಹಂಚಿದರು. 1998ರಲ್ಲಿ ಶೇಷಾದ್ರಿವಾಸು ಅವರು ಒಬ್ಬರೇ ಕುಳಿತು ‘ಬರಹ’ವನ್ನು ಹೊರತಂದರು. ಪರದೇಶಗಳಲ್ಲಿದ್ದ ಕನ್ನಡಿಗರು ಮನೆಗೆ ಕನ್ನಡದಲ್ಲಿ ಕಾಗದ ಬರೆದದ್ದು, ಊರೂರುಗಳಲ್ಲಿ ಲಗ್ನಪತ್ರಿಕೆಗಳು ಅಚ್ಚಾದದ್ದು ಅದರಿಂದ. ಅದೂ ಮೊದಲು ಉಚಿತವಾಗಿದ್ದು, ಕೆಲಕಾಲದ ಮೇಲೆ ಅಲ್ಪ ಬೆಲೆಯ ಪದಾರ್ಥವಾಯಿತು. ಇತ್ತ ಕನ್ನಡ ಗಣಕ ಪರಿಷತ್ತು ‘ನುಡಿ’ಯನ್ನು ಸಿದ್ಧಪಡಿಸಿತು, ಸರ್ಕಾರವು ತನ್ನ ಕಚೇರಿಗಳಿಗೆ ಅದನ್ನು ಒಪ್ಪಿಕೊಂಡಿತು.

ಆದರೆ ಅಷ್ಟರಲ್ಲಿ ನೆಲವೇ ಮೇಲೆದ್ದು ಬರುತ್ತಿದ್ದಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಕೇತಮಾಲೆ ಇರಬೇಕೆಂದು ರಚಿತವಾದ ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ಥಾನವಿದ್ದಿತು. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಅಕ್ಷರಶೈಲಿ ಅಡಕವಾಗಿಯೇ ಬಂದಿತು. ಮುಂದೆ ಮೊಬೈಲುಗಳು ಬಂದು, ಕನ್ನಡದ ಕೀಲಿಮಣೆ ಯಂತ್ರದೊಡನೆಯೇ ದೊರೆಯತೊಡಗಿತು. ಈಗ ಮಾತನಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ. ಕನ್ನಡ ಮೂಡಿಸುವ ತಂತ್ರಾಂಶವನ್ನು ಯಾರೂ ಸೋಲಿಸಲಿಲ್ಲ. ಗೋಡೆ ಕಟ್ಟುತ್ತಿದ್ದವನ ಕಾಲ ಕೆಳಗಿನ ನೆಲ ಎತ್ತರವಾಗಿ ಗೋಡೆಯನ್ನೇ ನುಂಗಿಕೊಂಡಿತು. ಬಲಿತ ಮಾರುಕಟ್ಟೆಯಲ್ಲಿ ಒಂಟಿ ತಂತ್ರಾಂಶಕಾರನಿಗೆ ಎದುರಾಗುವ ಅತಿದೊಡ್ಡ ಅಪಾಯ ಇದೇ ಎಂದು ನಾವು ತಿಳಿಯುತ್ತೇವೆ. ಪ್ರತಿಸ್ಪರ್ಧಿಯೊಡನೆ ಹೋರಾಡಬಹುದು, ನೆಲದೊಡನೆ ಹೋರಾಡಲಾಗದು.

ಇಲ್ಲಿ ಸರ್ಕಾರದ ಪಾತ್ರವನ್ನು ಕುರಿತು ಒಂದು ಮಾತು ಹೇಳದೆ ಮುಂದೆ ಹೋಗುವುದು ನಮಗೆ ಸರಿತೋರದು. ಕೀಲಿವಿನ್ಯಾಸ ಯಾವುದು, ಸಂಕೇತ ಯಾವುದು ಎಂಬ ಪ್ರಮಾಣಗಳನ್ನು ನಿಶ್ಚಯಿಸಿ ಸಾರ್ವಜನಿಕರಿಗೆ ತೆರೆದಿಡುವುದು ಸರ್ಕಾರದ ಕರ್ತವ್ಯ. ಅದನ್ನು ಬೇರೆ ಯಾರೂ ಮಾಡಲಾರರು. ಆದರೆ ಪ್ರಮಾಣದ ಜೊತೆಗೆ ತಂತ್ರಾಂಶವನ್ನೂ ತಾನೇ ಪುಕ್ಕಟೆಯಾಗಿ ಹಂಚಹೊರಟರೆ, ಆ ಕೆಲಸವನ್ನೇ ನಂಬಿದ ಒಂಟಿ ತಂತ್ರಾಂಶಕಾರನು ಪುಕ್ಕಟೆಯೊಡನೆ ಪೈಪೋಟಿಗೆ ನಿಲ್ಲಬೇಕಾಗುತ್ತದೆ. ಕನ್ನಡದ ಮಟ್ಟಿಗೆ ಉಚಿತ ತಂತ್ರಾಂಶದಿಂದ ಶಾಲೆಗಳಿಗೂ ಕಚೇರಿಗಳಿಗೂ ಉಪಕಾರವಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಉಪಕಾರದ ಬೆಲೆಯನ್ನು ಯಾರು ತೆತ್ತರೆಂಬುದನ್ನು ಮಾತ್ರ ಮರೆಯಬಾರದು.

ಶೇಷಾದ್ರಿವಾಸು ಅವರು 2022ರಲ್ಲಿ ತೀರಿಕೊಂಡರು. ಒಬ್ಬನ ತಲೆಯಲ್ಲಿ ನಿಂತ ಪದಾರ್ಥದ ಗತಿ ಆ ಒಬ್ಬನ ಅನಂತರ ಏನು ಎಂಬ ಪ್ರಶ್ನೆ ಆಗ ಅನೇಕರ ಮನಸ್ಸಿಗೆ ಬಂದಿರಬೇಕು. ಯೂನಿಕೋಡಿಗೆ ಮೊದಲಿನ ಸಂಕೇತಗಳಲ್ಲಿ ಬರೆದ ಸಾವಿರಾರು ಕಡತಗಳು ಇಂದಿಗೂ ನಮ್ಮ ಮುದ್ರಣಾಲಯಗಳಲ್ಲಿ ಇವೆ. ಆಯಾ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಂತೆ ಕಾಣುತ್ತವೆ. ಅವನ್ನು ಪರಿವರ್ತಿಸುವ ಸಾಧನಗಳು ಇರುವುದರಿಂದ ಹೆಚ್ಚಿನ ನಷ್ಟವಾಗಿಲ್ಲ. ಹಾಗಿದ್ದರೂ ಗಿರಾಕಿಯು ಒಂಟಿ ತಂತ್ರಾಂಶಕಾರನನ್ನು ನಂಬಲು ಹಿಂಜರಿದರೆ ಅದನ್ನು ಅಜ್ಞಾನವೆನ್ನಲಾಗದು.

ಈಗ ವಿಜಯಪುರಕ್ಕೆ ಮರಳೋಣ. ನಗರದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದು ತಿಕೋಟಾದ ಕಡೆಗೆ ಹೋದರೆ ರಸ್ತೆಯ ಎರಡೂ ಮಗ್ಗುಲಿಗೆ ದ್ರಾಕ್ಷಿಯ ತೋಟಗಳು. ಬಬಲೇಶ್ವರದ ಕಡೆಗೂ ಹಾಗೆಯೇ. ಹಣ್ಣನ್ನು ಹಸಿಯಾಗಿ ಮಾರುವವರಿಗಿಂತ ಒಣಗಿಸಿ ಮಾರುವವರೇ ಇಲ್ಲಿ ಹೆಚ್ಚು. ಒಣಗಿಸುವ ಕ್ರಮ ರಸಾಯನಶಾಸ್ತ್ರದ ಒಂದು ಪಾಠ. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪೊರೆ ಇರುತ್ತದೆ. ಅದು ಒಳಗಿನ ನೀರನ್ನು ಹೊರಕ್ಕೆ ಬಿಡದು. ಗೊಂಚಲುಗಳನ್ನು ಪೊಟ್ಯಾಸಿಯಮ್ ಕಾರ್ಬೊನೇಟ್ ಮತ್ತು ಈಥೈಲ್ ಓಲಿಯೇಟ್ ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಪೊರೆ ಸಡಿಲವಾಗುತ್ತದೆ. ಅನಂತರ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರಡಿದರೆ ಎರಡು ವಾರಗಳಷ್ಟರಲ್ಲಿ ನೆರಳಿನಲ್ಲಿಯೇ ಒಣಗುತ್ತದೆ. ಸುಮಾರು ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಒಣದ್ರಾಕ್ಷಿ. ಉದುರಿಸಿ, ಕಡ್ಡಿ ತೆಗೆದು, ಬಣ್ಣ ಗಾತ್ರಗಳಿಗೆ ತಕ್ಕಂತೆ ಬೇರೆಮಾಡಿ, ಪೆಟ್ಟಿಗೆಗಳಲ್ಲಿ ತುಂಬಿ ಶೈತ್ಯಾಗಾರದಲ್ಲಿಡುತ್ತಾರೆ. ದರ ಬಂದಾಗ ಮಾರುತ್ತಾರೆ. ವಿಜಯಪುರದಲ್ಲಿಯೂ ಮಾರಬಹುದು, ಗಡಿ ದಾಟಿ ಮಹಾರಾಷ್ಟ್ರದ ತಾಸಗಾಂವ ಸಾಂಗಲಿಗಳಲ್ಲಿಯೂ ಮಾರಬಹುದು.

ಇದರ ಲೆಕ್ಕವನ್ನು ಸ್ವಲ್ಪ ಯೋಚಿಸಿ ನೋಡಿರಿ. ಒಬ್ಬ ರೈತನ ಮಾಲು ಮಾರ್ಚಿಯಲ್ಲಿ ಶೈತ್ಯಾಗಾರಕ್ಕೆ ಬಂದಿತೆನ್ನೋಣ. ಅದರಲ್ಲಿ ಮೂರು ದರ್ಜೆಗಳು. ಬಾಡಿಗೆ ಪೆಟ್ಟಿಗೆಗೆ ಇಷ್ಟು, ತಿಂಗಳಿಗೆ ಇಷ್ಟು. ಮಾಲಿನ ಆಧಾರದ ಮೇಲೆ ಆತ ಮುಂಗಡ ತೆಗೆದುಕೊಂಡಿದ್ದಾನೆ, ಅದಕ್ಕೆ ಬಡ್ಡಿ. ಜುಲೈಯಲ್ಲಿ ಒಂದು ದರ್ಜೆಯ ಅರ್ಧದಷ್ಟು ಮಾರಾಟವಾಯಿತು. ದೀಪಾವಳಿಯ ಹೊತ್ತಿಗೆ ಉಳಿದದ್ದರಲ್ಲಿ ಸ್ವಲ್ಪ ಸಾಂಗಲಿಗೆ ಹೋಯಿತು. ಅಲ್ಲಿಯ ಹಮಾಲಿ, ಸಾಗಾಣಿಕೆ, ಅಡತ್ ಬೇರೆ ಬೇರೆ. ಕೊನೆಗೆ ರೈತನ ಕೈಗೆ ಬರುವ ಪಟ್ಟಿಯಲ್ಲಿ ‘ನನ್ನ ಯಾವ ಪೆಟ್ಟಿಗೆ ಯಾವ ದರಕ್ಕೆ ಹೋಯಿತು, ಎಷ್ಟು ಕಡಿತವಾಯಿತು, ಏಕೆ ಕಡಿತವಾಯಿತು’ ಎಂಬುದು ಅವನಿಗೆ ಓದಿದೊಡನೆ ತಿಳಿಯಬೇಕು. ಸಾಮಾನ್ಯ ಲೆಕ್ಕದ ತಂತ್ರಾಂಶಕ್ಕೆ ಜಮೆ ಖರ್ಚು ಗೊತ್ತು, ದಾಸ್ತಾನು ಗೊತ್ತು. ಆದರೆ ಒಂದು ಪೆಟ್ಟಿಗೆ ಮಾರ್ಚಿಯಿಂದ ನವೆಂಬರಿನವರೆಗೆ ಪಟ್ಟ ಪಾಡೆಲ್ಲ ಒಂದೇ ಸಾಲಿನಲ್ಲಿ ಅದಕ್ಕೆ ಹುಟ್ಟಿನಿಂದ ಗೊತ್ತಿಲ್ಲ. ಗುಮಾಸ್ತನು ಅದನ್ನು ಪಕ್ಕದ ನೋಟುಪುಸ್ತಕದಲ್ಲಿ ಬರೆದಿಡುತ್ತಾನೆ. ತಂತ್ರಾಂಶಕಾರನು ಹುಡುಕಬೇಕಾದದ್ದು ಇಂತಹ ಪಕ್ಕದ ನೋಟುಪುಸ್ತಕವನ್ನು. ಗಣಕಯಂತ್ರವಿರುವ ಅಂಗಡಿಯಲ್ಲಿ ಇನ್ನೂ ಕೈಯಿಂದ ಬರೆಯುವ ಪುಸ್ತಕವೊಂದು ಉಳಿದಿದ್ದರೆ ಆ ಮಾರುಕಟ್ಟೆ ಪೂರ್ಣವಾಗಿ ಬಲಿತಿಲ್ಲವೆಂದೇ ಅರ್ಥ.

ತೋಟದಲ್ಲಿಯೂ ಅಂತಹ ಪುಸ್ತಕಗಳಿವೆ. ಏಪ್ರಿಲಿನ ಚಾಟ್ನಿ ಯಾವ ದಿನವಾಯಿತು, ಅಕ್ಟೋಬರಿನ ಚಾಟ್ನಿ ಯಾವ ದಿನವಾಯಿತು, ಅಲ್ಲಿಂದ ಎಷ್ಟನೆಯ ದಿನಕ್ಕೆ ಯಾವ ಔಷಧಿ ಸಿಂಪಡಿಸಲಾಯಿತು ಎಂಬುದನ್ನೆಲ್ಲ ದ್ರಾಕ್ಷಿಯ ರೈತನು ದಿನಗಳ ಲೆಕ್ಕದಲ್ಲಿಯೇ ನೆನಪಿಟ್ಟುಕೊಳ್ಳುತ್ತಾನೆ. ಅವನ ಪಂಚಾಂಗ ಚಾಟ್ನಿಯಿಂದ ಆರಂಭವಾಗುವುದೇ ಹೊರತು ಜನವರಿಯಿಂದಲ್ಲ. ಬೆಂಗಳೂರಿನಲ್ಲಿ ಕುಳಿತು ಬರೆದವನಿಗೆ ಇದು ಹೊಳೆಯುವುದು ತಡವಾಗಬಹುದು. ತಿಕೋಟಾದ ತೋಟದಲ್ಲಿ ಬೆಳೆದ ಹುಡುಗಿಗೆ ಹೇಳಿಕೊಡಬೇಕಾಗಿಲ್ಲ.

‘ಇಷ್ಟು ಚಿಕ್ಕ ಮಾರುಕಟ್ಟೆಯಿಂದ ಹೊಟ್ಟೆ ತುಂಬೀತೆ?’ ಎಂದು ಕೇಳುವವರು ಕೇಳಲಿ. ಲೆಕ್ಕವನ್ನೇ ಹಾಕಿ ನೋಡೋಣ. ಈ ಅಂಕೆಗಳು ಊಹೆಯವು, ಕ್ರಮ ಮಾತ್ರ ನಿಜವಾದದ್ದು. ಆದಿಲಶಾಹಿಗಳ ಕಾಲದಲ್ಲಿ ತೊರವಿಯಿಂದಲೂ ಬೇಗಂ ತಾಲಾಬದಿಂದಲೂ ವಿಜಯಪುರಕ್ಕೆ ನೆಲದಡಿಯಲ್ಲಿ ನೀರು ತಂದು, ನಡುನಡುವೆ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಅದರ ಒತ್ತಡವನ್ನು ಸಮಮಾಡುತ್ತಿದ್ದರು. ಅಂತಹ ತೊಟ್ಟಿಯೊಂದನ್ನು ಕಲ್ಪಿಸಿಕೊಳ್ಳಿರಿ: ಮೇಲಿನಿಂದ ಒಂದೇ ಸಮನಾಗಿ ನೀರು ಬೀಳುತ್ತಿದೆ, ತಳದಲ್ಲಿ ಸೋರುತ್ತಿದೆ, ಮಟ್ಟ ಏರಿದಂತೆ ಸೋರುವುದೂ ಹೆಚ್ಚುತ್ತದೆ. ಬೀಳುವುದೂ ಸೋರುವುದೂ ಸಮನಾದಲ್ಲಿ ಮಟ್ಟ ನಿಲ್ಲುತ್ತದೆ. ತಂತ್ರಾಂಶಕಾರನ ಗಿರಾಕಿಗಳೂ ಹೀಗೆಯೇ. ವರ್ಷಕ್ಕೆ 12 ಹೊಸ ಗಿರಾಕಿಗಳು ಬಂದು, ಇದ್ದವರಲ್ಲಿ ಹತ್ತರಲ್ಲೊಬ್ಬರು ಬಿಟ್ಟುಹೋದರೆ, ಎಷ್ಟು ಕಾಲ ಕಳೆದರೂ ಸಂಖ್ಯೆ 120ನ್ನು ಮೀರದು. ಇದ್ದವರಲ್ಲಿ ಅರ್ಧದಷ್ಟು ಜನ ಪ್ರತಿವರ್ಷ ಬಿಟ್ಟುಹೋದರೆ 24ನ್ನು ಮೀರದು. ಗಿರಾಕಿಯೊಬ್ಬನಿಂದ ವರ್ಷಕ್ಕೆ 6,000 ರೂಪಾಯಿ ಬರುವುದಾದರೆ ಮೊದಲನೆಯವನ ಮೇರೆ 7,20,000 ರೂಪಾಯಿ, ಎರಡನೆಯವನದು 1,44,000. ಹೊಸ ಗಿರಾಕಿಗಳನ್ನು ತರುವುದರಲ್ಲಿ ಇಬ್ಬರೂ ಸಮಾನರು, ವ್ಯತ್ಯಾಸವೆಲ್ಲ ಸೋರುವುದರಲ್ಲಿದೆ. ಬಲಿತ ಮಾರುಕಟ್ಟೆಯಲ್ಲಿ ಜಾಹೀರಾತಿಗಿಂತ, ರಾತ್ರಿ ಎಂಟು ಗಂಟೆಗೆ ಗುಮಾಸ್ತನು ಫೋನುಮಾಡಿದರೆ ಎತ್ತುವುದು ಹೆಚ್ಚು ಬೆಲೆಯುಳ್ಳದ್ದೆಂಬುದು ಈ ಗಣಿತದಿಂದಲೇ ಸಿದ್ಧವಾಗುತ್ತದೆ. ಪಕ್ಕದ ಊರಿನವನಿಗೆ ಇರುವ ಅನುಕೂಲ ಇದು.

ಆದರೆ ಇದೇ ಲೆಕ್ಕದ ಕಹಿಯಾದ ಭಾಗವನ್ನೂ ಮುಚ್ಚಿಡಬಾರದು. 120 ಎಂಬುದು ಬಹುದೂರದ ಗುರಿ. ಮೊದಲ ವರ್ಷದ ಕೊನೆಗೆ 12 ಗಿರಾಕಿಗಳು, ಮೂರನೆಯ ವರ್ಷದ ಕೊನೆಗೆ ಸುಮಾರು 32, ಹತ್ತನೆಯ ವರ್ಷದ ಕೊನೆಗೂ 78 ಮಾತ್ರ. ಮೂರನೆಯ ವರ್ಷದ ವರಮಾನ ಎರಡು ಲಕ್ಷ ರೂಪಾಯಿಗಳನ್ನು ಮುಟ್ಟುವುದಿಲ್ಲ. ಅಲ್ಲಿಯವರೆಗೆ ಮನೆಯವರ ಆಸರೆಯೋ, ಬೇರೊಂದು ಅರೆಹೊತ್ತಿನ ಕೆಲಸವೋ ಬೇಕೇ ಬೇಕು. ‘ಒಂದು ಆಪ್ ಮಾಡು, ಕೋಟ್ಯಧೀಶನಾಗು’ ಎಂದು ಕಾಲೇಜುಗಳ ಸಮಾರಂಭಗಳಲ್ಲಿ ಭಾಷಣ ಮಾಡುವವರು ಈ ಮೂರು ವರ್ಷಗಳ ಮಾತನ್ನು ಎತ್ತುವುದಿಲ್ಲ.

ಇನ್ನೊಬ್ಬರ ತಂತ್ರಾಂಶದ ಮೇಲೆ ತನ್ನದನ್ನು ಕಟ್ಟುವ ಮಾರ್ಗವೂ ಉಂಟು. ಇದನ್ನು ದ್ರಾಕ್ಷಿಯ ರೈತರು ಚೆನ್ನಾಗಿ ಬಲ್ಲರು. ಉಪ್ಪುನೀರನ್ನೂ ಬರವನ್ನೂ ತಾಳುವ ಡಾಗ್‌ರಿಡ್ಜ್ ಎಂಬ ಕಾಡುದ್ರಾಕ್ಷಿಯ ಬೇರಿನ ಮೇಲೆ ಥಾಮ್ಸನ್ನಿನಂತಹ ಒಳ್ಳೆಯ ಜಾತಿಯ ಕಣ್ಣನ್ನು ಕಸಿಮಾಡುತ್ತಾರೆ. ಬೇರು ಒಂದರದು, ಹಣ್ಣು ಮತ್ತೊಂದರದು. ಟ್ಯಾಲಿಯಲ್ಲಿ ಅದಕ್ಕೆಂದೇ ಒಂದು ಭಾಷೆಯಿದೆ. ಅದರಲ್ಲಿ ಆಯಾ ಕಸುಬಿಗೆ ಬೇಕಾದ ಜೋಡಣೆಗಳನ್ನು ಬರೆದುಕೊಟ್ಟು ಬಾಳುತ್ತಿರುವ ಸಣ್ಣ ಅಂಗಡಿಗಳು ನಾಡಿನಲ್ಲಿ ಅನೇಕ ಇವೆ. ಗಿರಾಕಿಯು ತನ್ನ ಹಳೆಯ ಖಾತೆಗಳನ್ನು ಬಿಟ್ಟುಬರಬೇಕಾಗಿಲ್ಲವಾದ್ದರಿಂದ ಆರಂಭಕ್ಕೆ ಇದೇ ಸುಲಭವಾದ ದಾರಿಯೆಂದು ನಮಗೆ ತೋರುತ್ತದೆ. ತೋಟದ ಬೇರಿಗೂ ಈ ಬೇರಿಗೂ ಒಂದು ಭೇದವಿದೆ: ಡಾಗ್‌ರಿಡ್ಜ್ ಬಾಡಿಗೆ ಕೇಳುವುದಿಲ್ಲ. 2008ರಲ್ಲಿ ತೆರೆದ ಆ್ಯಪಲ್ಲಿನ ಅಂಗಡಿಯಲ್ಲಿ ಮಾರುವವನು ನೂರಕ್ಕೆ ಮೂವತ್ತು ರೂಪಾಯಿ ಸುಂಕ ತೆರಬೇಕಾಗಿದ್ದಿತು. ಸಣ್ಣವರಿಗೆ ಅದನ್ನು ಹದಿನೈದಕ್ಕೆ ಇಳಿಸಿದ್ದು 2021ರಲ್ಲಿ. ಬೇರಿನ ಒಡೆಯನು ಒಂದು ದಿನ ತಾನೇ ಆ ಹಣ್ಣನ್ನು ಬಿಡಲು ಮನಸ್ಸುಮಾಡಿದರೆ ಕಸಿಯ ಕೊಂಬೆಗೆ ಹೇಳುವವರು ಕೇಳುವವರು ಇರುವುದಿಲ್ಲ.

ಚಿಕ್ಕವರೇ ನೆಲವಾದ ವಿಚಿತ್ರ ಉದಾಹರಣೆಯೂ ಒಂದಿದೆ. ನೆನಪಿಗೆ ಬಂದುದರಿಂದ ಹೇಳುತ್ತೇವೆ. ರಿಚರ್ಡ್ ಹಿಪ್ ಎಂಬ ಅಮೆರಿಕದ ತಂತ್ರಾಂಶಕಾರನು 2000ದಲ್ಲಿ ರಚಿಸಿದ ಎಸ್‌ಕ್ಯೂಲೈಟ್ ಎಂಬ ದತ್ತಸಂಗ್ರಾಹಕ ಇಂದು ವಾಚಕರ ಕೈಯಲ್ಲಿರುವ ಪ್ರತಿಯೊಂದು ಸ್ಮಾರ್ಟ್‌ಫೋನಿನ ಒಳಗೂ ಇದೆ. ಅದನ್ನು ನೋಡಿಕೊಳ್ಳುವವರು ಬೆರಳೆಣಿಕೆಯ ಜನ. ತಂತ್ರಾಂಶ ಪುಕ್ಕಟೆ; ಅದನ್ನು ನಂಬಿಕೊಂಡ ದೊಡ್ಡ ಸಂಸ್ಥೆಗಳು ಬೆಂಬಲಕ್ಕಾಗಿ ಹಣ ಕೊಡುತ್ತವೆ. ಎಲ್ಲರೂ ಹೀಗಾಗಲಾರರು. ತೆಂಕಾಶಿಯ ಬಳಿಯ ಹಳ್ಳಿಯಲ್ಲಿ ಜೋಹೋ ಸಂಸ್ಥೆಯು ಕಚೇರಿ ತೆರೆದುದನ್ನೂ ಕೆಲವರು ಉದಾಹರಿಸುತ್ತಾರೆ. ಊರು ಅಡ್ಡಿಯಲ್ಲವೆಂಬುದನ್ನು ಅದು ತೋರಿಸಿಕೊಟ್ಟಿದೆ, ನಿಜ. ಆದರೆ ಅದು ಚೆನ್ನೈಯಲ್ಲಿ ಬಲವಾಗಿ ಬೇರೂರಿದ ದೊಡ್ಡ ಸಂಸ್ಥೆ ಹಳ್ಳಿಗೆ ಬಂದದ್ದು. ಹಳ್ಳಿಯವನೊಬ್ಬನು ತಾನಾಗಿ ಎದ್ದುನಿಂತದ್ದಲ್ಲ.

2022ರ ಕೊನೆಯಿಂದೀಚೆಗೆ ಹೇಳಿದ್ದನ್ನು ಕೇಳಿ ಕಾರ್ಯಕ್ರಮಗಳನ್ನು ತಾವೇ ಬರೆದುಕೊಡುವ ಯಂತ್ರಗಳು ಸರ್ವರಿಗೂ ದೊರೆಯುತ್ತಿವೆ. ಇದರಿಂದ ಒಂಟಿ ತಂತ್ರಾಂಶಕಾರನ ಕಥೆ ಮುಗಿಯಿತೆನ್ನುವವರೂ ಇದ್ದಾರೆ, ಅವನ ಕಾಲ ಈಗ ಬಂದಿತೆನ್ನುವವರೂ ಇದ್ದಾರೆ. ಆರು ತಿಂಗಳ ಬರವಣಿಗೆ ಆರು ವಾರಗಳಲ್ಲಿ ಮುಗಿಯುವುದಾದರೆ ಮೇಲೆ ಹೇಳಿದ ಮೂರು ವರ್ಷಗಳ ಕಷ್ಟ ಸ್ವಲ್ಪ ಹಗುರವಾಗುತ್ತದೆ. ಒಬ್ಬನೇ ನಾಲ್ವರ ಕೆಲಸ ಮಾಡಬಹುದು. ಆದರೆ ಅವನಿಗೆ ಸುಲಭವಾದದ್ದು ಅವನನ್ನು ಅನುಕರಿಸುವವನಿಗೂ ಸುಲಭ. ಅಷ್ಟೇಕೆ, ಶೈತ್ಯಾಗಾರದ ಮಾಲೀಕನ ಮಗನೇ ತನಗೆ ಬೇಕಾದದ್ದನ್ನು ಯಂತ್ರದಿಂದ ಬರೆಸಿಕೊಂಡಾನು! ಬರೆಯುವ ಕೌಶಲದ ಬೆಲೆ ಇಳಿದಾಗ ಏನನ್ನು ಬರೆಯಬೇಕೆಂಬ ತಿಳಿವಳಿಕೆಯ ಬೆಲೆ ಏರುತ್ತದೆಂಬುದು ನಮ್ಮ ಎಣಿಕೆ. ಪಟ್ಟಿಯಲ್ಲಿನ ಒಂದು ಕಡಿತ ರೈತನಿಗೆ ಏಕೆ ಅನ್ಯಾಯವೆಂದು ತೋರುತ್ತದೆ, ಅದನ್ನು ಹೇಗೆ ಬರೆದು ತೋರಿಸಿದರೆ ಜಗಳ ತಪ್ಪುತ್ತದೆ ಎಂಬುದನ್ನು ಯಂತ್ರಕ್ಕೆ ಯಾರಾದರೂ ಹೇಳಿಯೇ ತೀರಬೇಕು. ಆ ಮಾಲೀಕನ ಮಗನು ಒಳ್ಳೆಯದನ್ನು ಮಾಡಿಕೊಂಡರೆ, ಅವನೂ ನೆರೆಯವರಿಗೆ ಮಾರಿಯಾನು. ಟ್ಯಾಲಿ ಹುಟ್ಟಿದ್ದೂ ಹಾಗೆಯೇ ಅಲ್ಲವೆ?

ವಿಜಯಪುರಕ್ಕೆ ಈ ಬಗೆಯ ಕೆಲಸ ಅಪರಿಚಿತವೂ ಅಲ್ಲ. 1920ರ ದಶಕದಲ್ಲಿ ಮುದ್ರಣದ ಉದ್ಯಮ ಕನ್ನಡನಾಡಿನಲ್ಲಿ ಹಳೆಯದಾಗಿದ್ದಿತು. ಮಂಗಳೂರಿನಲ್ಲಿ ದೊಡ್ಡ ಮುದ್ರಣಾಲಯವಿದ್ದಿತು, ಮೈಸೂರು ಬೆಂಗಳೂರುಗಳಲ್ಲಿಯೂ ಇದ್ದವು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ತಾಳೆಗರಿಗಳಿಂದ ವಚನಗಳನ್ನು ಸಂಗ್ರಹಿಸಿ, ಅವನ್ನು ಅಚ್ಚುಮಾಡುವುದಕ್ಕೆಂದೇ ಆಗಿನ ಬಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದು ಲಾಭದ ಉದ್ಯಮವಾಗಿರಲಿಲ್ಲವಾದ್ದರಿಂದ ನಮ್ಮ ತರುಣರಿಗೆ ಅದನ್ನು ವ್ಯಾಪಾರದ ಮಾದರಿಯಾಗಿ ಹೇಳುವಂತಿಲ್ಲ. ದೊಡ್ಡ ಮುದ್ರಣಾಲಯಗಳು ಮಾಡದೆ ಬಿಟ್ಟಿದ್ದ ಕೆಲಸ ಯಾವುದೆಂಬುದು ಅವರಿಗೆ ಮಾತ್ರ ಗೊತ್ತಿದ್ದಿತು ಎಂಬಷ್ಟು ಹೋಲಿಕೆ ಸಾಕು. ಇಂದು ಆ ನಗರದ ಎಂಜಿನಿಯರಿಂಗ್ ಕಾಲೇಜಿಗೆ ಅವರದೇ ಹೆಸರು.

ಹಾಗಾದರೆ ಆ ಕಾಲೇಜಿನಲ್ಲಿಯೋ ಬೇರೊಂದರಲ್ಲಿಯೋ ಓದುತ್ತಿರುವವರಿಗೆ ನಾವು ಹೇಳುವುದೇನು? ಗಿರಾಕಿಯ ಲೆಕ್ಕವೆಲ್ಲವೂ ಯಾರು ಬೇಕಾದರೂ ಓದಬಲ್ಲ ಸಾಮಾನ್ಯ ರೂಪದಲ್ಲಿ ಅವನ ಕೈಗೆ ಸಿಕ್ಕುವಂತಿರಲಿ. ‘ನಾಳೆ ನಾನಿಲ್ಲದಿದ್ದರೂ ನಿಮ್ಮ ಖಾತೆ ನಿಮ್ಮದು’ ಎಂದು ಮೊದಲ ದಿನವೇ ತೋರಿಸಿಕೊಡುವವನನ್ನು ನಂಬುವುದು ಸುಲಭ. ಮೊಬೈಲು ತಯಾರಿಸುವವರು ಮುಂದಿನ ವರ್ಷ ಯಂತ್ರದೊಡನೆಯೇ ಕೊಡಬಹುದಾದದ್ದನ್ನು ಮಾಡಹೋಗಬೇಡಿರಿ. ಎಲ್ಲಕ್ಕಿಂತ ಮೊದಲು, ಬರುವ ಹಂಗಾಮಿನಲ್ಲಿ, ಫೆಬ್ರುವರಿಯಿಂದ ಏಪ್ರಿಲಿನವರೆಗೆ, ಗಣಕಯಂತ್ರವನ್ನು ಮನೆಯಲ್ಲಿಟ್ಟು ತಿಕೋಟಾದ ಒಂದು ಶೆಡ್ಡಿನಲ್ಲಿಯೋ ಬಬಲೇಶ್ವರದ ಕಡೆಯ ಒಂದು ತೋಟದಲ್ಲಿಯೋ ಕುಳಿತು, ಅಲ್ಲಿಯವರು ಏನೇನು ಬರೆದುಕೊಳ್ಳುತ್ತಾರೆ, ಯಾವುದನ್ನು ಎರಡೆರಡು ಸಲ ಬರೆಯುತ್ತಾರೆ, ಯಾವುದನ್ನು ಬರೆಯದೆ ನೆನಪಿನಲ್ಲಿಟ್ಟು ಆಮೇಲೆ ಜಗಳವಾಡುತ್ತಾರೆ ಎಂಬುದನ್ನು ಪೆನ್ನು ಕಾಗದ ಹಿಡಿದು ಗುರುತುಮಾಡಿಕೊಳ್ಳಿರಿ. ಗುಮಾಸ್ತನ ಪಕ್ಕದ ನೋಟುಪುಸ್ತಕವನ್ನು ಕೇಳಿ ನೋಡಿರಿ. ಅದರ ಅಂಕಣಗಳ ತಲೆಬರಹಗಳು ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ ಇರುವುದು ಅಸಂಭವವಲ್ಲ. ಅವನ್ನು ಇದ್ದಂತೆಯೇ ಬರೆದುಕೊಳ್ಳಿರಿ.